ಸದಲಗಾದಿಂದ ಬಂದ ಸೀರೆ

ಅವ್ವ ತೀರಿಕೊಳ್ಳುವ ಹಿಂದಿನ ದಿನ ನಾನು ಅಂಗನವಾಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ನಕ್ಷೆ ಬರೆದಿದ್ದೆ. ಕೃಷ್ಣೆಗೆ ಒಂದು ಉದ್ದ ಗೆರೆ, ದೂಧಗಂಗೆಗೆ ಸಣ್ಣದು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ದೊಡ್ಡ ಸುತ್ತುಗಳು. ನಡುವೆ ಅನಂತಪುರ, ಉಗಾರ ಖುರ್ದ, ಸದಲಗಾದಂಥ ಸಣ್ಣ ಸುತ್ತುಗಳು. ಪ್ರತಿ ಮಗು ತನ್ನ ತಾಯಿಯ ತವರಿನ ಸುತ್ತಿನಲ್ಲಿ ಹೋಗಿ ನಿಲ್ಲಬೇಕು. ಅದೇ ಪಾಠ.

ನಾಲ್ಕು ವರ್ಷದ ಮಕ್ಕಳಿಗೆ ಊರು ಎಂದರೆ ಹೆಸರಲ್ಲ. "ಬಸ್ಸಿನ್ಯಾಗ ವಾಂತಿ ಆಕ್ಕೈತಲ್ರಿ, ಆ ಊರು" ಎಂದಿದ್ದಳು ಒಬ್ಬಳು. ಹಾಗಾಗಿ ಒಂದು ದಿನ ಮೊದಲೇ, ಹೆಸರು ಕೇಳಿಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೆ. ಪಾಠದ ದಿನ ಬಾಗಿಲಲ್ಲಿ ಮೂವರು ತಾಯಂದಿರು ನಿಂತಿದ್ದರು.

"ಅಕ್ಕೋರ, ನಮ್ಮ ತವರಮನಿ ಊರು ಸರ್ಕಾರಕ್ಕ ಯಾಕ ಬೇಕಾಗೇತ್ರಿ? ರೇಷನ್ ಕಾರ್ಡಿನ್ಯಾಗಿಂದ ಹೆಸರ ತಗೀತಾರೇನ?"

"ಪಾಠಕ್ಕ ಬೇಕವ್ವಾ, ನಿನ್ನ ಮಗಳಿಗಿ ಕಲಸಾಕ."

"ಹಿಂಗ ಅಂದನ ಹ್ವಾದ ವರ್ಷ ಆಧಾರ ಕಾರ್ಡ ಒಯ್ದಿದ್ರಿ."

ಎಲ್ಲರೂ ನಕ್ಕರು. ಆದರೆ ಪಾಠ ಮುಗಿಯುವವರೆಗೂ ಒಬ್ಬರೂ ಕದಲಲಿಲ್ಲ.

"ಅಕ್ಕೋರ, ನಿಮ್ಮವ್ವಂದು ಯಾವುದ್ರಿ?" ಎಂದು ಒಬ್ಬ ಹುಡುಗಿ ಕೇಳಿದಳು. ನಾನು ಹೋಗಿ ಸದಲಗಾದಲ್ಲಿ ನಿಂತೆ. ಅವ್ವನ ತವರು ಸದಲಗಾ. ಅವಳು ಸಣ್ಣವಳಿದ್ದಾಗ ಹೊಳೆ ಬಂದು ಮನೆ ಬಿತ್ತು, ಅವಳ ಮಂದಿ ಕೊಲ್ಹಾಪುರದ ಕಡೆಗೆ ಚದುರಿ ಹೋದರು. ಅದಕ್ಕೇ ಪಂಚಮಿ ಹಬ್ಬಕ್ಕೆ ಅವಳನ್ನು ತವರಿಗೆ ಕರೆಯಲು ಯಾರೂ ಬರುತ್ತಿರಲಿಲ್ಲ. ನಾನು ಕೇಳಿ ಬೆಳೆದದ್ದು ಇಷ್ಟು.

ನನ್ನ ಗಂಡನ ಮನೆಯೂ ಅವ್ವ ಅಪ್ಪ ಇರುವ ಊರಿನಲ್ಲೇ. ಸಂಜೆ ಅವ್ವನ ಹತ್ತಿರ ಹೋದೆ. ಜೋಳ ಹಸನು ಮಾಡುತ್ತ ಕುಳಿತಿದ್ದಳು.

"ಇವತ್ತ ನಿನ್ನ ಸಲುವಾಗಿ ಸದಲಗಾದಾಗ ನಿಂತಿದ್ನಿ."

"ಎಷ್ಟೊತ್ತ?"

"ಪಾಠ ಮುಗಿಯೂತನಾ."

"ನಾನೂ ಅಷ್ಟೊತ್ತ ನಿಂತಿಲ್ಲ ಬಿಡ ಅಲ್ಲೆ" ಎಂದು ನಕ್ಕಳು. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಬಚ್ಚಲ ಬಾಗಿಲಲ್ಲಿ ಬಿದ್ದವಳು ಏಳಲಿಲ್ಲ.

ನಮ್ಮಲ್ಲಿ ತವರಿನ ಸೀರೆ ಹೊದಿಸದೆ ಹೆಂಗಸಿನ ಹೆಣ ಎತ್ತುವುದಿಲ್ಲ. ಓಣಿಯ ಹೆಂಗಸರು ಒಬ್ಬರಾದ ಮೇಲೊಬ್ಬರು "ತವರಿಗಿ ಸುದ್ದಿ ಹೋತೇನ?" ಎನ್ನತೊಡಗಿದರು. ಅಪ್ಪ ಗೋಡೆಯ ಕಡೆ ನೋಡುತ್ತಿದ್ದ. ಎಂಟೂವರೆಗೆ ಅಪ್ಪನ ಅಕ್ಕ, ನನ್ನ ಸೋದರತ್ತೆ, ಉಗಾರದಿಂದ ಬಂದಳು. ಚೀಲದಿಂದ ಒಂದು ಇಳಕಲ್ ಸೀರೆ ತೆಗೆದಳು.

"ಸದಲಗಾದವರು ನನ್ನ ಕೈಯಾಗ ಕೊಟ್ಟ ಕಳಿಸ್ಯಾರ" ಎಂದಳು, ಎಲ್ಲರಿಗೂ ಕೇಳುವಂತೆ.

ಹೆಂಗಸರಿಗೆ ಸಮಾಧಾನವಾಯಿತು. ನನಗಾಗಲಿಲ್ಲ. ಹಿಂದಿನ ದಿನವಷ್ಟೇ ಆ ಊರುಗಳನ್ನು ನೆಲದ ಮೇಲೆ ಬರೆದವಳು ನಾನು. ಉಗಾರ ಒಂದು ಕಡೆ, ಸದಲಗಾ ಇನ್ನೊಂದು ಕಡೆ. ಆರಕ್ಕೆ ಸತ್ತವಳಿಗೆ ಎಂಟೂವರೆಗೆ ಅಲ್ಲಿಂದ ಸೀರೆ ಹೇಗೆ ಬರುತ್ತದೆ? ಅಲ್ಲಿ ಯಾರೂ ಇಲ್ಲವೆಂದ ಮೇಲೆ ಕೊಟ್ಟವರು ಯಾರು? ಬಿಚ್ಚಿದಾಗ ಡಾಂಬರು ಗುಳಿಗೆಯ ವಾಸನೆ ಬಂತು. ಮಡಿಕೆಯ ಗೆರೆಗಳು ಬಣ್ಣ ಹೋಗಿ ಬೆಳ್ಳಗಾಗಿದ್ದವು. ಎಷ್ಟೋ ವರ್ಷ ಪೆಟ್ಟಿಗೆಯಲ್ಲಿ ಇದ್ದ ಸೀರೆ. ಅಳುತ್ತಲೇ ನಾನು ಇದನ್ನೆಲ್ಲ ನೋಡುತ್ತಿದ್ದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಆದರೂ ನೋಡುವುದು ನಿಲ್ಲಲಿಲ್ಲ.

ಮೊದಲು ಅಪ್ಪನ ಮೇಲೆ ಸಂಶಯ ಬಂತು. ಅವ್ವನ ಅಣ್ಣತಮ್ಮಂದಿರು ಬದುಕಿರಬೇಕು, ಅಪ್ಪ ಜಗಳ ತೆಗೆದು ಅವರನ್ನು ದೂರ ಮಾಡಿರಬೇಕು ಎಂದುಕೊಂಡೆ. ಅವನು ಊಟಕ್ಕೆ ಕುಳಿತರೆ ಮುಖ ನೋಡುತ್ತಿದ್ದೆ. ಯಾರಾದರೂ ಫೋನು ಮಾಡಿದರೆ ಕಿವಿಗೊಡುತ್ತಿದ್ದೆ.

"ಸೀರಿ ಯಾರ ಕೊಟ್ರಪಾ?"

"ನಿಮ್ಮತ್ತಿನ್ನ ಕೇಳು."

ಅತ್ತೆಯನ್ನು ಕೇಳಿದರೆ, "ಸತ್ತಾಕಿ ಸೀರಿ ಮಾತ ತಗೀಬಾರದು" ಎಂದು ಫೋನು ಇಟ್ಟಳು.

ದಿನಕರ್ಮ ಮುಗಿದ ಮೇಲೆ, ತಾಲೂಕಿಗೆ ಮೀಟಿಂಗ್ ಇದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಚಿಕ್ಕೋಡಿಗೆ ಹೋಗಿ ಸದಲಗಾದ ಬಸ್ಸು ಹಿಡಿದೆ. ಹೊಳೆಯ ಕಡೆಯ ಓಣಿಯಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ ಮುದುಕರೊಬ್ಬರಿಗೆ ಅವ್ವನ ಹೆಸರು, ಅವಳ ತಂದೆಯ ಹೆಸರು ಹೇಳಿದೆ.

"ಆ ಹೆಸರಿನವರು ಇಲ್ಲಿ ಇದ್ದಿಲ್ಲ ತಂಗಿ."

"ಹೊಳಿ ಬಂದಾಗ ಮನಿ ಹೋಗಿತ್ತಂತ್ರಿ."

"ಹೊಳಿ ಮನಿ ಒಯ್ತೈತಿ, ಹೆಸರ ಒಯ್ಯೂದಿಲ್ಲ. ಯಾರ ಯಾವ ಕಡೆ ಹೋಗ್ಯಾರ ಅಂತ ನನಗ ಎಲ್ಲಾ ಗೊತ್ತೈತಿ." ಆಮೇಲೆ ಕೈ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಜಮೀನಿನ ಕೆಲಸಕ್ಕ ಬಂದೀಯೇನ? ವಾರಸದಾರಂತ ಹೆಸರ ಹಚ್ಚಾಕ?"

ಇಲ್ಲವೆಂದರೂ ಅವರು ನಂಬಲಿಲ್ಲ. ನಾನು ಬಸ್ಸು ಹತ್ತುವವರೆಗೆ ಓಣಿಯ ತುದಿಯಲ್ಲಿ ನಿಂತೇ ಇದ್ದರು.

ಮುಂದಿನ ರವಿವಾರ ಉಗಾರಕ್ಕೆ ಹೋದೆ. ಬಾಗಿಲು ತೆಗೆದ ಅತ್ತೆ ನನ್ನ ಮುಖ ನೋಡಿ, "ಸದಲಗಾಕ್ಕ ಹೋಗಿದ್ದಿ, ಹೌದಿಲ್ಲೋ?" ಎಂದಳು. ಚಹಾಕ್ಕೆ ಇಟ್ಟಳು. ಬೆನ್ನು ಮಾಡಿಕೊಂಡೇ ಮಾತಾಡಿದಳು.

"ಆ ಸೀರಿ ನಿಮ್ಮವ್ವಂದನ. ತಾನ ನಿಪ್ಪಾಣಿಗೆ ಹೋಗಿ ತಗೊಂಡಿದ್ಲು. ನನ್ನ ಹಂತೇಕ ಇಡಾಕ ಕೊಟ್ಲು. 'ನಾ ಸತ್ತ ದಿನ ಬರಿ ಕೈಲೆ ಬರಬ್ಯಾಡ್ರಿ ಅಕ್ಕಾ, ಮಂದಿ ಮುಂದ ನನ್ನ ಮಗಳ ತಲಿ ತೆಳಗ ಆಕ್ಕೈತಿ' ಅಂದಿದ್ಲು."

ಅತ್ತೆ ಉಳಿದದ್ದನ್ನೂ ಹೇಳಿದಳು. ಉಗಾರಕ್ಕೆ ಕಬ್ಬು ಕಡಿಯಲು ಬಂದ ಮರಾಠಿ ಕೂಲಿಗಳ ಟೋಳಿಯೊಂದು ಹಂಗಾಮು ಮುಗಿಸಿ ಹೋಗುವಾಗ ಜ್ವರ ಬಂದ ಒಂದು ಹುಡುಗಿ ಗುಡಿಸಲಿನಲ್ಲಿ ಉಳಿಯಿತು. ಬಿಟ್ಟರೋ, ಮರೆತರೋ, ಸತ್ತಿತೆಂದು ತಿಳಿದರೋ ಯಾರಿಗೂ ಗೊತ್ತಿಲ್ಲ. ಅತ್ತೆಯ ಪಕ್ಕದ ಮನೆಯ ಮಕ್ಕಳಿಲ್ಲದ ಮುದುಕಿ ಅದನ್ನು ಸಾಕಿದಳು.

"ಊರ ಕೇಳಲಿಲ್ಲೇನ ಯಾರೂ?"

"ಕೇಳದ ಬಿಡ್ತಾರೇನ? ಮರಾಠಿ ಒಳಗನ ಕೇಳಿದ್ರಂತ. 'ಆಮಚಂ ಗಾಂವ' ಅಂತಿತ್ತಂತ. ನಮ್ಮ ಊರು ಅಂತ. ನಿನ್ನ ಅಂಗನವಾಡಿ ಹುಡುಗೂರಷ್ಟ ಇತ್ತು. ಮುಂದಿನ ಹಂಗಾಮಿಗಿ ಬ್ಯಾರೆ ಟೋಳಿ ಬಂತು."

"ಮತ್ತ ಸದಲಗಾ?"

"ನನ್ನ ತಮ್ಮಗ ಆಕಿನ್ನ ತರಬೇಕಂತ ನನ್ನ ಮನಸಿನ್ಯಾಗ ಇತ್ತು. ನಮ್ಮ ಮಂದಿ ಮೊದಲ ಊರ ಕೇಳ್ತಾರ, ಆಮ್ಯಾಲೆ ಕುಂಡ್ರ ಅಂತಾರ. ಸದಲಗಾದಾಗ ನಮ್ಮ ಬೀಗರ ಪೈಕಿ ಯಾರೂ ಇದ್ದಿಲ್ಲ. ಹೋಗಿ ಕೇಳವರಿಲ್ಲ ಅಂತ ಅದನ್ನ ಹೇಳಿದ್ನಿ."

"ಅಪ್ಪಗ ಗೊತ್ತೈತೇನ?"

"ಇಲ್ಲ" ಎಂದಳು. ನನ್ನ ಮಾತು ಮುಗಿಯುವ ಮೊದಲೇ ಎಂದಳು.

ಅಪ್ಪನ ಮನೆಗೆ ಬಂದಾಗ ಅವನು ಕಟ್ಟೆಯ ಮೇಲೆ ಕುಳಿತಿದ್ದ. "ಸದಲಗಾ ಹೆಂಗೈತಿ?" ಎಂದ. ಅಲ್ಲಿಗೆ ಹೋದದ್ದನ್ನು ನಾನು ಅವನಿಗೆ ಹೇಳಿರಲಿಲ್ಲ. "ಚಲೋ ಐತಿ" ಎಂದೆ.

ಈಗ ನನ್ನ ಅಂಗನವಾಡಿಯಲ್ಲಿ ಪ್ರಾರ್ಥನೆಗಿಂತ ಮೊದಲು ಊರಿನ ಪಾಠ. ನನ್ನೂರು, ತಾಲೂಕು, ಜಿಲ್ಲೆ, ಅವ್ವನ ಊರು, ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. ತಪ್ಪಿದವರು ಮತ್ತೆ ಹೇಳಬೇಕು. "ಇದೇನ ಅಂಗನವಾಡಿನೋ ಪೊಲೀಸ ಸ್ಟೇಷನ್ನೋ?" ಎಂದು ತಾಯಂದಿರು ಕೊಂಕು ಮಾತಾಡುತ್ತಾರೆ. ಹಂಗಾಮಿನಲ್ಲಿ ಟೋಳಿಯ ಮಕ್ಕಳೂ ಬಂದು ಕೂರುತ್ತವೆ. ಅವುಗಳ ತಾಯಂದಿರನ್ನು ಊರು ಕೇಳಲು ಗುಡಿಸಲಿಗೇ ಹೋಗುತ್ತೇನೆ. ನಾನು ಯಾರಿಗೋ ವರದಿ ಕೊಡುತ್ತೇನೆಂದು ಅವರಿಗೆ ಅಂಜಿಕೆ. ಇವತ್ತು ಒಂದು ಊರು ಹೇಳುತ್ತಾರೆ, ನಾಳೆ ಇನ್ನೊಂದು. ಯಾವುದು ನಿಜವೆಂದು ತಿಳಿಯುವುದಿಲ್ಲ. ಎರಡನ್ನೂ ಮಗುವಿಗೆ ಬಾಯಿಪಾಠ ಮಾಡಿಸುತ್ತೇನೆ.

ಮಗಳು ಸತ್ತರೆ ಮೊದಲು ಸುದ್ದಿ ಮುಟ್ಟಬೇಕಾದದ್ದು ತವರಿಗೆ. ಅವ್ವ ಹೋದ ಸುದ್ದಿ ಅವಳ ತವರಿಗೆ ಇನ್ನೂ ಮುಟ್ಟಿಲ್ಲ. ಯಾವ ಊರಿಗೆ ಕಳಿಸಬೇಕೆಂದು ನನಗೆ ಗೊತ್ತಿಲ್ಲ.