ಯಾವ ಕಾಯಿಲೆಗೆ ಒಳ್ಳೆಯದು?

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಆಕೆಗೆ ಊರು ಇಟ್ಟ ಹೆಸರು ಪೊದೆ ಮೇಡಂ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಶುರುವಾಯಿತು. ರಜೆ ಬಂತೆಂದರೆ ನೀರಿನ ಟ್ಯಾಂಕಿನ ಹಿಂದಿನ ಇಳಿಜಾರಿಗೆ ಹೋಗಿ, ತಾನಾಗಿ ಬೆಳೆದ ಕರಿಮುಳ್ಳಿನ ಪೊದೆಗಳ ಮುಂದೆ ಕುಕ್ಕರಗಾಲಲ್ಲಿ ಕೂರುವವಳನ್ನು ಇನ್ನೇನೆಂದು ಕರೆಯಬೇಕು? ತೋಳಿನ ತುಂಬ ಮುಳ್ಳು ಗೀರಿದ ಗುರುತು ಬೇರೆ.

ಆ ಇಳಿಜಾರಿನ ಬೇರೆ ಯಾವ ಗಿಡದಲ್ಲೂ ಹಣ್ಣಿಲ್ಲದ ಬೇಸಿಗೆಯಲ್ಲಿ ಕರಿಮುಳ್ಳು ಹಣ್ಣು ಬಿಡುತ್ತದೆ. ಬೆಕ್ಕು ನುಗ್ಗಲಾರದ ಅದರ ಮುಳ್ಳಿನೊಳಗೆ ಸಣ್ಣ ಹಕ್ಕಿಗಳು ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆಯಲ್ಲಿ ಬಿದ್ದ ಬೀಜದಿಂದ ಹುಟ್ಟಿದ ಮರದ ಸಸಿಗಳು ಆಡಿನ ಬಾಯಿಗೆ ಸಿಕ್ಕದೆ ಅಲ್ಲೇ ದೊಡ್ಡವಾಗುತ್ತವೆ. ಬೇರು ಮಣ್ಣನ್ನು ಬಿಗಿಹಿಡಿಯುತ್ತದೆ. ಬರೀ ಬಾಯಿಮಾತಾದರೆ ಯಾರು ನಂಬುತ್ತಾರೆ? ಆಕೆ ಬೋಳು ಜಾಗದ ಕೆಳಬದಿಗೊಂದು, ಪೊದೆಯ ಕೆಳಬದಿಗೊಂದು ತಗಡಿನ ತೊಟ್ಟಿ ಹೂತು, ಮಳೆಗೆ ಕೊಚ್ಚಿಬಂದ ಮಣ್ಣನ್ನು ಒಣಗಿಸಿ ತೂಗಿದಳು. ನಾಲ್ಕು ಮಳೆಗಾಲ ತೂಗಿದಳು. ಪ್ರತಿ ಸಲವೂ ಬೋಳು ಜಾಗದ ತೊಟ್ಟಿ ತುಂಬಿ ಚೆಲ್ಲುತ್ತಿತ್ತು, ಪೊದೆಯ ಕೆಳಗಿನದರಲ್ಲಿ ಎರಡು ಹಿಡಿ ಮಣ್ಣು ಸಿಕ್ಕರೆ ಹೆಚ್ಚು.

ಅಷ್ಟರಲ್ಲಿ ನಗರಸಭೆ ಆ ಇಳಿಜಾರನ್ನು ಬೋಳಿಸಿ ಹುಲ್ಲುಹಾಸು ಮಾಡಲು ಹೊರಟಿತು. ಆಕೆ ಸಿಕ್ಕಸಿಕ್ಕವರಿಗೆಲ್ಲ ಪೊದೆಯ ಉಪಯೋಗ ವಿವರಿಸಿದಳು. ಎಲ್ಲರೂ ತಲೆದೂಗಿ ಕೇಳಿ, ಕೊನೆಗೆ ಅದೇ ಒಂದು ಪ್ರಶ್ನೆ ಎಸೆಯುತ್ತಿದ್ದರು.

"ಅದೆಲ್ಲ ಸರಿ ಮೇಡಂ, ಯಾವ ಕಾಯಿಲೆಗೆ ಒಳ್ಳೇದು?"

"ಕಾಯಿಲೆಗಲ್ಲ, ಇಳಿಜಾರಿಗೆ ಒಳ್ಳೇದು."

ತಮಾಷೆ ಮಾಡುತ್ತಿದ್ದಾಳೆಂದು ನಗುತ್ತಿದ್ದರು. ಆಕೆಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಗಿಡ ಮನುಷ್ಯನ ಹೊಟ್ಟೆಗೆ ಇಳಿಯದಿದ್ದರೆ ಅದಕ್ಕೆ ಬದುಕುವ ಹಕ್ಕೇ ಇಲ್ಲವೇ?

ಕಾಲೇಜಿನ ಎದುರಿನ ಕ್ಷೌರದಂಗಡಿಯವನು ತನ್ನದೇ ತೀರ್ಮಾನಕ್ಕೆ ಬಂದ. "ಓದಿದವರು ನಾಲ್ಕು ವರ್ಷ ಸುಮ್ನೆ ಬಿಸಿಲಲ್ಲಿ ಕೂರ್ತಾರಾ? ಸಕ್ಕರೆ ಕಾಯಿಲೆಗೇ ಇರ್ಬೇಕು." ಕತ್ತರಿ ಆಡಿದಷ್ಟೇ ಬೇಗ ಸುದ್ದಿ ಹಬ್ಬಿತು. ಜನ ಚೀಲ ಹಿಡಿದು ಬಂದರು, ಇಳಿಜಾರಿನ ಅಂಚಿನ ಪೊದೆಗಳು ಎಲೆಯಿಲ್ಲದೆ ನಿಂತವು. ಅದಕ್ಕೆ ಯಾವ ಪುರಾವೆಯೂ ಇಲ್ಲವೆಂದು ಆಕೆ ಗಂಟಲು ಹರಿದುಕೊಂಡಳು. ಗುಟ್ಟು ಬಿಟ್ಟುಕೊಡುತ್ತಿಲ್ಲ, ಯಾವುದೋ ಕಂಪನಿಗೆ ಮಾರುತ್ತಾಳೆ ಎಂದು ಇನ್ನೊಂದು ಸುದ್ದಿ ಹುಟ್ಟಿತು. ಇಂಥವರ ಮುಂದೆ ತಲೆ ಚಚ್ಚಿಕೊಂಡರೆ ತಲೆಗೇ ನೋವು.

ಒಂದು ದಿನ ನಗರಸಭೆಯ ಅಧ್ಯಕ್ಷರೇ ಕರೆಸಿದರು. ಅವರ ಮೇಜಿನ ಮೇಲೂ ಎಲೆ ಕುದಿಸಿದ ನೀರಿನ ಫ್ಲಾಸ್ಕು.

"ಹುಲ್ಲುಹಾಸು ಬಿಟ್ಬಿಡೋಣ ಮೇಡಂ. ಬೇಲಿ ಹಾಕಿ ಔಷಧಿ ವನ ಅಂತ ಬೋರ್ಡು ಹಾಕಿಸ್ತೀನಿ. ನೀವು ನಾಳೆ ನಗರಸಭೆ ಸಭೇಲಿ ಸಕ್ಕರೆಗೆ ಒಳ್ಳೇದು ಅಂತ ಒಂದು ಮಾತು ಹೇಳಿ, ಸಾಕು."

ಆಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನಿಜ ಹೇಳಬೇಕೆಂದರೆ ಆಸೆಯಾಯಿತು. ಒಂದೇ ಒಂದು ಸುಳ್ಳಿಗೆ ಇಡೀ ಇಳಿಜಾರು ಉಳಿಯುತ್ತದೆ. ಕುಡಿಯುವವರು ಕುಡಿಯಲಿ, ತನಗೇನು ಎಂದುಕೊಂಡೇ ಮನೆಗೆ ಬಂದಳು.

ಬಚ್ಚಲ ಬಾಗಿಲಲ್ಲಿ ಅಪ್ಪ ಕುಸಿದು ಬಿದ್ದಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಸಕ್ಕರೆಯ ಮಟ್ಟ ನೋಡಿ, "ಮಾತ್ರೆ ತಗೊಳ್ತಿದ್ರಾ?" ಎಂದು ಗದರಿದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಾಯಿಬಿಟ್ಟಳು. ಅಪ್ಪ ಮಾತ್ರೆ ನಿಲ್ಲಿಸಿ ತಿಂಗಳಾಗಿತ್ತು. ಬೆಳಿಗ್ಗೆ ಸಂಜೆ ಕರಿಮುಳ್ಳಿನ ನೀರು ಕುಡಿಯುತ್ತಿದ್ದರು.

ಮರುದಿನದ ಸಭೆಯಲ್ಲಿ ಅಧ್ಯಕ್ಷರು ನಗುನಗುತ್ತ ಕೇಳಿದರು. "ಹೇಳಿ ಮೇಡಂ, ಸಕ್ಕರೆಗೆ ಒಳ್ಳೇದು ತಾನೆ?"

"ಅಲ್ಲ. ಅದಕ್ಕೆ ಪುರಾವೆ ಇಲ್ಲ. ಯಾರೂ ಮಾತ್ರೆ ಬಿಡಬೇಡಿ. ಪುರಾವೆ ಇರೋದು ಮಣ್ಣಿಗೆ, ಹಕ್ಕಿಗೆ. ಅದನ್ನ ಹೇಳ್ತೀನಿ, ಕೇಳಿ."

ಯಾರೂ ಕೇಳಲಿಲ್ಲ. ಅವಳ ಮಾತು ಮುಗಿಯುವ ಮೊದಲೇ ಹುಲ್ಲುಹಾಸಿಗೆ ಕೈಗಳು ಎದ್ದವು. ಆ ವಾರವೇ ಯಂತ್ರ ಬಂದು ಪೊದೆಗಳನ್ನು ಬೇರುಸಮೇತ ಕಿತ್ತುಹಾಕಿತು. ತಗಡಿನ ತೊಟ್ಟಿಗಳು ಚಪ್ಪಟೆಯಾಗಿ ಮಣ್ಣಿನ ರಾಶಿಯಲ್ಲಿ ಬಿದ್ದಿದ್ದವು.

ಸಂಜೆ ಮನೆಗೆ ಬಂದಾಗ ಆಕೆಗೆ ಅಳುವಷ್ಟು ಸಿಟ್ಟು. ಹಾಸಿಗೆಯಲ್ಲಿ ಒರಗಿ ಕೂತಿದ್ದ ಅಪ್ಪನ ಮೇಲೆಯೇ ಹರಿಹಾಯ್ದಳು. "ಆ ಕ್ಷೌರದಂಗಡಿಯವನ ಮಾತು ಕಟ್ಕೊಂಡು ಮಾತ್ರೆ ಬಿಟ್ರಲ್ಲ ಅಪ್ಪ, ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಅವನ ಮಾತಿಗಲ್ಲ ಕಣಮ್ಮ," ಎಂದರು ಅಪ್ಪ. "ನನಗೆ ಸಕ್ಕರೆ ಬಂದ ವರ್ಷಾನೇ ನೀನು ಆ ಗಿಡದ ಹಿಂದೆ ಬಿದ್ದೆಯಲ್ಲ. ನನಗೋಸ್ಕರ ಹುಡುಕ್ತಿದ್ದೀಯ ಅಂದ್ಕೊಂಡೆ."

ಊರಿಗೆಲ್ಲ ಅಲ್ಲ, ಅಲ್ಲ ಎಂದು ಕೂಗಿದವಳಿಗೆ ಈಗ ಆ ಎರಡಕ್ಷರ ಬಾಯಿಗೆ ಬರಲಿಲ್ಲ. ಕಪಾಟಿನಿಂದ ಮಾತ್ರೆ ತೆಗೆದು, ನೀರಿನ ಲೋಟದ ಜೊತೆ ಅಪ್ಪನ ಕೈಗೆ ಕೊಟ್ಟಳು. ಅವರು ನುಂಗುವ ತನಕ ಅಲ್ಲೇ ನಿಂತಿದ್ದಳು.