ಕಜೆಟನ್ ಕೆರೆದ ಐಸ್

ಕಲ್ಯಾಣಪುರದ ಕಜೆಟನ್ ಲುವಿಸ್ ಬಹರೈನಿನಲ್ಲಿ ಒಂಬತ್ತು ವರ್ಷ ಎಸಿ ರಿಪೇರಿ ಮಾಡಿ ಊರಿಗೆ ಮರಳಿದ್ದು 1979ರಲ್ಲಿ. ಆಗ ನಮ್ಮ ಕಡೆ ಎಸಿ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಮಣಿಪಾಲದ ಕೆಲವು ಡಾಕ್ಟರರದು, ಕಾಪುವಿನ ಒಬ್ಬ ಹೋಟೆಲ್ ಧಣಿಯದು, ಉಳಿದವೆಲ್ಲ ಗಲ್ಫಿನವರದು. ಗಲ್ಫಿನವರ ಎಸಿ ಇದ್ದದ್ದು ತಂಪಿಗಿಂತ ಹೆಚ್ಚಾಗಿ ನೆಂಟರ ಕಣ್ಣಿಗೆ. ಕಿಟಕಿಯಲ್ಲಿ ಕೂರಿಸಿದ ಆ ಪೆಟ್ಟಿಗೆಯ ಮೇಲೊಂದು ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಬಾಲಯೇಸುವಿನ ಪ್ರತಿಮೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂ. ಕಜೆಟನ್ ಬಂದವನೇ ಬಾಲಯೇಸುವನ್ನು ಭಕ್ತಿಯಿಂದ ಎತ್ತಿ ಮೇಜಿನ ಮೇಲಿಟ್ಟು, ಆಮೇಲೆ ಮನೆಯವರಿಗೆ ಬೈಯಲು ಶುರು ಮಾಡುತ್ತಿದ್ದ.

“ನೀರು ಒಳಗೆ ಸೋರುತ್ತದಾ? ಸೋರದೆ ಎಂತ ಮಾಡ್ತದೆ? ಬಡಗಿ ಒಳಗೆ ವಾಲಿಸಿ ಕೂರಿಸಿದ್ದಾನೆ. ಹೊರಗಡೆಗೆ ಒಂದು ಬೆರಳು ತಗ್ಗು ಬೇಕು.” “ತಂಪಿಲ್ವಾ? ಫಿಲ್ಟರ್ ತೊಳೆದದ್ದು ಯಾವಾಗ?”

ಫಿಲ್ಟರ್ ಎಂಬುದೊಂದು ಉಂಟೆಂದು ಮನೆಯವರಿಗೆ ಗೊತ್ತಾಗುತ್ತಿದ್ದದ್ದೇ ಆಗ. ಅದರಲ್ಲಿ ಧೂಳು ಕಟ್ಟಿದರೆ ಗಾಳಿ ಆಡದೆ ಒಳಗಿನ ಕೊಳವೆಗಳ ಮೇಲೆ ಐಸ್ ಹಿಡಿಯುತ್ತದೆ. ಐಸ್ ಕಂಡು ಮೆಷಿನ್ ಬಲು ಜೋರಾಗಿದೆ ಎಂದು ಹಿಗ್ಗಿದವರೂ ಇದ್ದರು. ಅಂಥವರಿಗೆ ಕಜೆಟನ್ ಬೆರಳೆತ್ತಿ ಹೇಳುತ್ತಿದ್ದ: “ಆಫ್ ಮಾಡಿ, ಕಾಯಿರಿ, ತಾನಾಗಿ ಕರಗಬೇಕು. ಚೂರಿಯಲ್ಲಿ ಕೆರೆದರೆ ಮತ್ತೆ ನನ್ನನ್ನು ಕರೆಯಬೇಡಿ.”

ಬೈಗುಳವೆಲ್ಲ ಬಾಯಿತುದಿಯದು. ಒಳಗೆ ಅವನಿಗೊಂದು ಮಾಯದ ನೋವಿತ್ತು. ಬಹರೈನಿನಲ್ಲಿದ್ದಾಗ ತಾಯಿ ತೀರಿಹೋದ ಕಾಗದ ಅವನ ಕೈಗೆ ಸಿಕ್ಕಿದ್ದು ಹದಿನೆಂಟು ದಿನದ ಮೇಲೆ. ಅಂದು ಕಾಗದವನ್ನು ಕಿಸೆಗೆ ಹಾಕಿಕೊಂಡು ಮೂರು ಮನೆಯ ಎಸಿ ಬಿಚ್ಚಿ ಜೋಡಿಸಿದ್ದ. ಅಳಲು ಪುರುಸೊತ್ತಾದದ್ದು ಶುಕ್ರವಾರ, ಅಲ್ಲಿಯ ವಾರದ ರಜೆಯಂದು.

1984ರ ಮೇ ತಿಂಗಳ ಒಂದು ಮಂಗಳವಾರ ಸಂತೆಕಟ್ಟೆಯ ವೆರೊನಿಕಾ ಬಾಯಿ ತೀರಿಕೊಂಡರು. ಒಬ್ಬನೇ ಮಗ ಲಿಯೋನೆಲ್ ಮಸ್ಕತ್‌ನಲ್ಲಿದ್ದ. “ಗುರುವಾರ ಮಧ್ಯಾಹ್ನದೊಳಗೆ ಬರುತ್ತೇನೆ, ಅಲ್ಲಿಯವರೆಗೆ ಮಣ್ಣು ಮಾಡಬೇಡಿ” ಎಂದು ಟ್ರಂಕ್ ಕಾಲಿನಲ್ಲಿ ಅತ್ತಿದ್ದ. ಎರಡು ವರ್ಷದ ಹಿಂದೆ ತಾಯಿಗೆಂದೇ ಅವನು ಎಸಿ ಕಳಿಸಿದ್ದ. ಮಂಡಿನೋವು ಹೆಚ್ಚಾಗುತ್ತದೆಂದು ಅವರು ಅದನ್ನು ಒಂದು ಗಂಟೆಯೂ ಸರಿಯಾಗಿ ನಡೆಸಿದವರಲ್ಲ. ಮನೆಯಲ್ಲೇ ಎಸಿ ಇರುವಾಗ ಆಸ್ಪತ್ರೆಯ ಶವಾಗಾರ ಏಕೆಂದು ಮಗಳು ಇಮೆಲ್ಡಾ ತಾಯಿಯನ್ನು ಆ ಕೋಣೆಯಲ್ಲೇ ಮಲಗಿಸಿದಳು.

ಬುಧವಾರ ಬೆಳಿಗ್ಗೆ ಎಸಿಯಿಂದ ಗಾಳಿ ಬರುವುದು ನಿಂತಿತು. ಕಾರು ಕಳಿಸಿ ಕಜೆಟನ್‌ನನ್ನು ಕರೆಸಿದರು. ಆ ಮನೆಯ ಮಕ್ಕಳಿಗೆ ಅವನು ಬಾಪ್ಪು, ಚಿಕ್ಕಪ್ಪನಿದ್ದಂತೆ.

ಕೋಣೆಗೆ ಕಾಲಿಟ್ಟಾಗಲೇ ಅವನಿಗೆ ಎಲ್ಲ ಅರ್ಥವಾಯಿತು. ತಲೆಯ ಬಳಿ ಆರು ಮೇಣದಬತ್ತಿ ಉರಿಯುತ್ತಿದ್ದವು. ಜಪಮಾಲೆ ಹೇಳುವ ಹೆಂಗಸರು ಗುಂಪು ಗುಂಪಾಗಿ ಬಂದು ಹೋಗುತ್ತಿದ್ದರು; ಬಾಗಿಲು ಹಿಂದಿನ ದಿನದಿಂದ ಮುಚ್ಚಿರಲೇ ಇಲ್ಲ. ಜಾಲರಿ ಬಿಚ್ಚಿದರೆ ಫಿಲ್ಟರ್ ಕಂಬಳಿಯಾಗಿತ್ತು, ಅದರ ಹಿಂದೆ ಬೆರಳು ದಪ್ಪದ ಐಸ್.

“ಎರಡು ಗಂಟೆ ಆಫ್ ಮಾಡಬೇಕು ಇಮೆಲ್ಡಾ. ಬತ್ತಿ ಆರಿಸಿ, ಎಲ್ಲರೂ ಹೊರಗೆ ಕೂತುಕೊಳ್ಳಿ. ಆಮೇಲೆ ಬಾಗಿಲು ಹಾಕಿ ನಡೆಸಿದರೆ ನಾಳೆವರೆಗೆ ತೊಂದರೆ ಇಲ್ಲ.”

“ಮಾಂಯ್‌ಯನ್ನು ಕತ್ತಲಲ್ಲಿ ಒಬ್ಬಳೇ ಬಿಡುವುದಾ ಬಾಪ್ಪು? ಬತ್ತಿ ಆರಿಸುವುದು ಎಲ್ಲಿಯಾದರೂ ಉಂಟಾ?” ಇಮೆಲ್ಡಾ ಬತ್ತಿಗಳಿಗೆ ಅಡ್ಡ ನಿಂತಳು. “ಈ ಸೆಖೆಯಲ್ಲಿ ಎರಡು ಗಂಟೆ ಆಫ್ ಮಾಡಿದರೆ ಮಾಂಯ್‌ಯ ಗತಿ ಎಂತ? ಬೇಗ ಸರಿ ಮಾಡಿ ಕೊಡಿ. ಲಿಯೋನೆಲ್ ಒಮ್ಮೆ ನೋಡಬೇಕು.”

ಊರಿಗೆಲ್ಲ ಬೈಯುವ ಬಾಯಿ ಅಂದು ಏಳಲಿಲ್ಲ. ಲಿಯೋನೆಲ್ ತಾಯಿಯನ್ನು ನೋಡಬೇಕೆಂಬ ಆಸೆ ಆ ಮನೆಯವರಿಗೆ ಎಷ್ಟಿತ್ತೋ ಅಷ್ಟೇ ಕಜೆಟನ್‌ಗೂ ಇತ್ತು. ಆ ಆಸೆಯೇ ಅವನನ್ನು ಕೆಡಿಸಿತು. ಫಿಲ್ಟರ್ ತೊಳೆದು ತಂದ. ಬಿಸಿನೀರಿನ ಬಟ್ಟೆ ಒತ್ತಿದ. ಐಸ್ ಜಗ್ಗಲಿಲ್ಲ. ಹಿಂದೆ ಹೆಂಗಸರ ಪ್ರಾರ್ಥನೆ, ಗಡಿಯಾರದಲ್ಲಿ ಹತ್ತೂವರೆ. ಸ್ಕ್ರೂಡ್ರೈವರ್ ತೆಗೆದು, ಮೆಲ್ಲಗೆ, ಬಹಳ ಮೆಲ್ಲಗೆ ಕೆರೆಯತೊಡಗಿದ.

ಅರ್ಧ ಐಸ್ ಬಿದ್ದಿತ್ತು. ಅಷ್ಟರಲ್ಲಿ ಸುಯ್ಯೆಂದು ಸದ್ದು ಬಂತು. ಕೊಳವೆ ತೂತಾಗಿತ್ತು. ಹೆಬ್ಬೆರಳು ಒತ್ತಿ ಹಿಡಿದ, ಕೊರೆಯುವ ತಂಪಿಗೆ ಚರ್ಮ ಸುಟ್ಟಿತು, ಗ್ಯಾಸ್ ನಿಲ್ಲಲಿಲ್ಲ.

“ಗ್ಯಾಸ್ ಹೋಯಿತು” ಎಂದಷ್ಟೇ ಹೇಳಿದ. ಹೇಗೆ ಹೋಯಿತೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬೆಸುಗೆ ಹಾಕಿ ಗ್ಯಾಸ್ ತುಂಬಿಸಲು ಮಂಗಳೂರೇ ಗತಿ. ಮಲ್ಪೆ ಬಂದರಿನಿಂದ ತಂದ ಎರಡು ಐಸ್ ಗಟ್ಟಿಗಳು ಮೂರು ಗಂಟೆಗೆಲ್ಲ ನೀರಾದವು. ಇನ್ನು ಇಡುವುದು ಸರಿಯಲ್ಲವೆಂದು ಪಾದ್ರಿಗಳೂ ಹಿರಿಯರೂ ಹೇಳಿದರು. ಐದು ಗಂಟೆಗೆ ಮಣ್ಣು ಮಾಡಿದರು.

ಲಿಯೋನೆಲ್ ಮರುದಿನ ಹನ್ನೊಂದಕ್ಕೆ ಬಂದು ನೇರ ಸಮಾಧಿಯ ಹತ್ತಿರ ಹೋದನಂತೆ. ಶುಕ್ರವಾರ ಕಜೆಟನ್‌ನ ಮನೆಗೆ ಬಂದು ಜಗಲಿಯಲ್ಲಿ ಕೂತ.

“ಬಾಪ್ಪು, ನಿಜ ಹೇಳಿ. ನಾನು ಕಳಿಸಿದ ಮೆಷಿನ್ ಸರಿ ಇರಲಿಲ್ಲ, ಅಲ್ವಾ? ಊರಿಗೆ ಹೊರಟ ಒಬ್ಬನಿಂದ ತೆಗೆದುಕೊಂಡದ್ದು. ಮಾಂಯ್‌ಗೆ ಹೊಸದೆಂದು ಸುಳ್ಳು ಹೇಳಿದ್ದೆ. ಅದಕ್ಕೇ ಹೀಗಾಯಿತು.”

ಹೌದೆಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈ ಹುಡುಗ ಬದುಕಿಡೀ ತನ್ನನ್ನೇ ತಾನು ಶಪಿಸಿಕೊಳ್ಳುವುದನ್ನು ನೋಡುವ ಗುಂಡಿಗೆ ಕಜೆಟನ್‌ಗೆ ಇರಲಿಲ್ಲ.

“ಮೆಷಿನ್ ಚೆನ್ನಾಗಿತ್ತು ಪುತಾ. ಕೊಳವೆ ತೂತು ಮಾಡಿದ್ದು ನಾನು. ಅವಸರದಲ್ಲಿ ಐಸ್ ಕೆರೆದೆ.”

ಹೊಡೆದರೆ ಹೊಡೆಯಲಿ ಎಂದು ಕಜೆಟನ್ ತಲೆ ತಗ್ಗಿಸಿದ. ಲಿಯೋನೆಲ್ ಕೇಳಿದ್ದು ಬೇರೆಯೇ:

“ಇಮೆಲ್ಡಾ ನನ್ನ ಸಮಾಧಾನಕ್ಕೆ ಏನಾದರೂ ಹೇಳ್ತಾಳೆ. ನೀವು ಸುಳ್ಳು ಹೇಳುವವರಲ್ಲ. ಮಾಂಯ್‌ಯ ಮುಖ ಹೇಗಿತ್ತು ಬಾಪ್ಪು?”

ಕಜೆಟನ್ ನೆನಪಿಸಿಕೊಳ್ಳಲು ನೋಡಿದ. ಕೆರೆಯುವಾಗ ಬಾಗಿದ, ಕೊಳವೆಗಳ ಸುತ್ತಲಿನ ತೆಳು ತಗಡುಗಳು ನೆನಪಾದವು, ತೂತಾದ ಜಾಗ ನೆನಪಾಯಿತು.

“ನಾನು ನೋಡಲಿಲ್ಲ ಪುತಾ,” ಎಂದ. “ಬೆನ್ನು ಹಾಕಿ ಕೆಲಸ ಮಾಡ್ತಾ ಇದ್ದೆ.”