ಕರಪತ್ರದ ಮೇಲೆ ಜಾರಿದ ಕೋಳಿಮರಿ

ವಿನ್‌ಫ್ರೆಡ್ ಎಂಬ ಪುಟ್ಟ ಊರಿನ ಮೇವಿನಂಗಡಿಯಲ್ಲಿ ಗೋಣಿಚೀಲ ಹೊರುತ್ತಿದ್ದ ಗ್ಯಾರೆಟ್ ಲಿಂಡ್‌ಕ್ವಿಸ್ಟ್‌ಗೆ ಆ ವಸಂತದಲ್ಲಿ ಬಡ್ತಿ ಸಿಕ್ಕಿತು. ಸಂಬಳ ಹಾಗೇ ಇತ್ತು, ಚೀಲಗಳೂ ಹಾಗೇ ಇದ್ದವು. ಮಾಲೀಕ ಮರ್ಲ್ ಒಂದು ಬಿಲ್ಲೆ ಮಾಡಿಸಿ ಅವನ ಅಂಗಿಗೆ ಚುಚ್ಚಿ, "ಇನ್ಮೇಲೆ ನೀನು ನಮ್ಮಂಗಡಿ ಕೋಳಿ ತಜ್ಞ ಕಣಯ್ಯಾ" ಅಂದ, ಅಷ್ಟೆ.

ತಜ್ಞನ ಕೆಲಸ ಕಷ್ಟದ್ದೇನಲ್ಲ. ಮರಿ ಮಾರುವ ಕಂಪನಿಯಿಂದ ಅಂಚೆಯಲ್ಲಿ ಬಂದ ಮರಿಗಳು ಕೆಂಪು ದೀಪದಡಿಯ ತೊಟ್ಟಿಯಲ್ಲಿ ಚಿಂವ್‌ಗುಡುತ್ತಿದ್ದರೆ, ಸುತ್ತ ನೆರೆದ ಗಿರಾಕಿಗಳಿಗೆ ಎರಡು ಮಾತು ಹೇಳಬೇಕು. ಒಂದು, ಆರಕ್ಕಿಂತ ಕಮ್ಮಿ ಮರಿ ಮಾರುವುದಿಲ್ಲ. ಇನ್ನೊಂದನ್ನು ಗ್ಯಾರೆಟ್ ಕಣ್ಣುಮುಚ್ಚಿ ಹೇಳಬಲ್ಲ: "ಪೆಟ್ಟಿಗೆ ತಳಕ್ಕೆ ಪೇಪರ್ ಮಾತ್ರ ಹಾಸ್ಬೇಡಿ. ಜಾರತ್ತೆ. ಎಳೇ ಕಾಲು ಅತ್ಲಾಗೊಂದು ಇತ್ಲಾಗೊಂದು ಹೋಗ್ಬಿಡತ್ತೆ, ಆಮೇಲೆ ಮರಿ ಏಳೋದೇ ಇಲ್ಲ. ಒರಟಾಗಿರೋದೇನಾದ್ರೂ ಹಾಕಿ." ಗಿರಾಕಿಗಳು ಬಿಲ್ಲೆ ನೋಡಿ ತಲೆದೂಗುವರು. ಆ ವರ್ಷ ಮರ್ಲ್ ನುಣುಪು ಕಾಗದದ ಕರಪತ್ರವನ್ನೂ ಅಚ್ಚು ಹಾಕಿಸಿದ. ಅದರ ನಡುವೆ ಗ್ಯಾರೆಟ್ ಒಂದು ಹುಂಜ ಹಿಡಿದು ನಿಂತ ಚಿತ್ರ. ಹುಂಜದ ಮುಖದಲ್ಲಿ ಧೈರ್ಯವಿತ್ತು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಾನಿಯಲ್ಲಿ ಬಿತ್ತು ಅನ್ನುತ್ತಾರಲ್ಲ, ಗ್ಯಾರೆಟ್ ಬಿದ್ದದ್ದು ಹೀಗೆ.

ಅವನು ಇದ್ದದ್ದು ಅಜ್ಜಿ ಲವೋನ್‌ಳ ಮನೆಯ ನೆಲಮಾಳಿಗೆಯಲ್ಲಿ, ಬಾಡಿಗೆಯ ಬದಲು ಹುಲ್ಲು ಕತ್ತರಿಸುವ ಕರಾರಿನ ಮೇಲೆ. ಲವೋನ್ ಮದುವೆಯಾಗಿ ಬಂದಾಗಿನಿಂದ ಆ ಹಿತ್ತಿಲಲ್ಲಿ ಕೋಳಿಗಳಿದ್ದವು. ಯಾವ ಜಾತಿ ಎಂದು ಕೇಳಿದರೆ "ನಮ್ಮನೆ ಜಾತಿ" ಅನ್ನುತ್ತಿದ್ದಳು. ಬೂದಿಯ ಮೇಲೆ ಚುಕ್ಕೆ ಇಟ್ಟ ಬಣ್ಣ, ಹಸಿರು ಮೊಟ್ಟೆ, ಯಾರ ಮಾತೂ ಕೇಳದ ಸ್ವಭಾವ. ಮೂರನೆಯದು ಯಾರಿಂದ ಬಂತು ಎಂಬುದು ಗ್ಯಾರೆಟ್‌ಗೆ ಗೊತ್ತಿತ್ತು. ಮಾರ್ಚ್‌ನಲ್ಲಿ ರಕೂನ್ ಎಂಬ ಕಾಡುಪ್ರಾಣಿಯೊಂದು ಗೂಡಿನ ತಂತಿ ಕಿತ್ತು ಒಳನುಗ್ಗಿ ಒಂದನ್ನೂ ಉಳಿಸಲಿಲ್ಲ. ಲವೋನ್ ಅಳಲಿಲ್ಲ. ಪುಕ್ಕ ಗುಡಿಸಿ, ಗೂಡಿನ ಬಾಗಿಲು ಹಾಕಿ, ಮಾರನೆಯ ದಿನ ಸೂಪರ್‌ಮಾರ್ಕೆಟ್ಟಿನಿಂದ ಬಿಳೀ ಮೊಟ್ಟೆಯ ಡಬ್ಬಿ ತಂದಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಳು ಇರಲಿಲ್ಲ.

ಅಡುಗೆಮನೆಯ ಬಟ್ಟಲಲ್ಲಿ ಒಂದು ಡಜನ್ ಹಸಿರು ಮೊಟ್ಟೆ ಉಳಿದಿದ್ದವು. ಅವಕ್ಕೆ ಕಾವು ಕೊಡೋಣ ಎಂಬ ಯೋಚನೆ ತಜ್ಞನದು. ಕಾವುಪೆಟ್ಟಿಗೆ ಪಕ್ಕದ ಮನೆಯ ಆರ್ಲಿನ್ ಟೆಸ್ಕಿಯದು. ನಿವೃತ್ತನಾದ ಮೇಲೆ ಸಲಿಕೆಗೂ ಎಣ್ಣೆ ಹಚ್ಚಿಡುವ ಮನುಷ್ಯ ಅವನು. "ತಗೊಂಡೋಗು, ಆದ್ರೆ ತಗೊಂಡೋದ ಹಾಗೇ ವಾಪಸ್ ಬರ್ಬೇಕು. ಹೋದ ಸಲ ಕೊಟ್ಟಾಗ ಜಾಲರಿ ಮೇಲೆ ಒಣಗಿದ್ದನ್ನ ನಾನು ಹಲ್ಲುಜ್ಜೋ ಬ್ರಶ್ಶಲ್ಲಿ ತಿಕ್ಕಿದೀನಿ" ಎಂದಿದ್ದ. ಜಾಲರಿ ಹೊಲಸಾಗದಿರಲಿ ಎಂದು ಗ್ಯಾರೆಟ್ ಮೊಟ್ಟೆಗಳ ಕೆಳಗೆ ಏನಾದರೂ ಹಾಸಲು ಹುಡುಕಿದ. ಕೈಗೆ ಸಿಕ್ಕಿದ್ದು ಅಂಗಡಿಯಿಂದ ಕಟ್ಟುಗಟ್ಟಲೆ ತಂದಿಟ್ಟಿದ್ದ ಕರಪತ್ರ.

ಹನ್ನೆರಡರಲ್ಲಿ ಒಡೆದದ್ದು ಒಂದೇ ಮೊಟ್ಟೆ. ಮರಿ ಒಣಗಿ ಉಬ್ಬಿತು, ಕೂಗಿತು, ಏಳಲು ಹೋಯಿತು. ಎಡಗಾಲು ಪೂರ್ವಕ್ಕೆ ಹೊರಟಿತು, ಬಲಗಾಲು ಪಶ್ಚಿಮಕ್ಕೆ. ಲವೋನ್ ಕನ್ನಡಕ ಏರಿಸಿ ಗಾಜಿನ ಕಿಂಡಿಯಲ್ಲಿ ಬಗ್ಗಿದಳು.

"ಮಗೂ, ಇದರ ಕೆಳಗೆ ಏನು ಹಾಸಿದೀಯ?"

ಗ್ಯಾರೆಟ್ ನೋಡಿದ. ಮರಿ ಮಕಾಡೆ ಬಿದ್ದು ಅವನ ಮುದ್ರಿತ ಮೂಗಿನ ಮೇಲೆ ಈಜುತ್ತಿತ್ತು.

"ಪೇಪರ್ ಅಜ್ಜಿ."

"ಪೇಪರ್ ಹಾಸ್ಬಾರ್ದು ಅಂತ ಊರಿಗೆಲ್ಲ ಯಾರಪ್ಪಾ ಹೇಳೋದು?"

"ನಾನೇ ಅಜ್ಜಿ."

"ಪರ್ವಾಗಿಲ್ಲ ಬಿಡು. ಹೇಳಿದ್ದು ಸರಿಯಾಗೇ ಇತ್ತು ಅಂತ ಗೊತ್ತಾಯ್ತಲ್ಲ."

ಆಮೇಲೆ ನಗು ನಿಲ್ಲಿಸಿ ತೀರ್ಪು ಕೊಟ್ಟಳು. ಕಾಲಿಲ್ಲದ ಕೋಳಿಯನ್ನು ಬದುಕಿಸಿಡುವುದು ಅವಳ ಲೆಕ್ಕದಲ್ಲಿ ದಯೆಯಲ್ಲ. "ಭಾನುವಾರದವರೆಗೂ ನೋಡು. ನಿಂತ್ರೆ ನಿಲ್ತು. ಇಲ್ದಿದ್ರೆ ಅದಕ್ಕೆ ಹಿಂಸೆ ಕೊಡಕ್ಕೆ ನಾನು ಬಿಡಲ್ಲ, ನಾನೇ ಮುಗಿಸ್ತೀನಿ. ಆರ್ಲಿನ್‌ಗೂ ಹೇಳಿದೀನಿ, ಭಾನುವಾರಾನೇ ಬಂದು ಗೂಡು ಹೊತ್ಕೊಂಡು ಹೋಗ್ತಾನೆ. ಹುಲ್ಲು ಕತ್ತರಿಸೋ ಯಂತ್ರಕ್ಕೆ ಮನೆ ಬೇಕಂತೆ."

"ಗೂಡು ಯಾಕೆ ಕೊಡ್ತೀಯ?"

"ಖಾಲಿ ಗೂಡು ನೋಡ್ಕೊಂಡು ಪಾತ್ರೆ ತೊಳೀಬೇಕಾ ನಾನು?" ಎಂದು ಅವಳು ಕಿಟಕಿಯ ಪರದೆ ಎಳೆದಳು.

ಇಂಥ ಕಾಲಿಗೆ ಮದ್ದು ಕೋಳಿ ಸಾಕುವ ಎಲ್ಲರಿಗೂ ಗೊತ್ತಿರುವುದೇ. ಬ್ಯಾಂಡೇಜು ಪಟ್ಟಿಯನ್ನು ಸಣ್ಣಗೆ ಸೀಳಿ, ಎರಡು ಕಾಲಿಗೂ ಸುತ್ತಿ, ನಡುವೆ ಮರಿ ನೆಟ್ಟಗೆ ನಿಂತರೆ ಎಷ್ಟಿರಬೇಕೋ ಅಷ್ಟು ಅಂತರ ಬಿಟ್ಟು ಕಟ್ಟಬೇಕು. ಎಲುಬು ಎಳೆಯದಾಗಿರುವಾಗಲೇ ಕಟ್ಟಿದರೆ ಕೂಡಿಕೊಳ್ಳುತ್ತದೆ. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ ಮರಿ ಇರುತ್ತದೆ. ಮೊದಲ ಪಟ್ಟಿ ಗ್ಯಾರೆಟ್‌ನ ಹೆಬ್ಬೆರಳಿಗೆ ಅಂಟಿತು. ಎರಡನೆಯದು ಮರಿಯ ಹೊಟ್ಟೆಯ ತುಪ್ಪಳಕ್ಕೆ ಅಂಟಿತು. ಮೂರನೆಯದು ಹೇಗೋ ಎರಡೂ ಕಾಲಿಗೆ ಕೂತಿತು. ಮರಿ ಎದ್ದು, ಕಡಿದ ಮರದಂತೆ ಹಿಂದಕ್ಕೆ ಉರುಳಿ, ಕೊಲೆಯಾದಂತೆ ಕಿರುಚಿತು. ಎತ್ತಿ ನಿಲ್ಲಿಸಿದ. ಉರುಳಿತು. ಮತ್ತೆ ನಿಲ್ಲಿಸಿದ. ಈ ಸಲ ನೀರಿನ ಬಟ್ಟಲಿಗೇ ಉರುಳಿತು.

"ನಿನಗೆ ಬದುಕೋ ಆಸೆ ಇದ್ಯೋ ಇಲ್ವೋ, ಒಂದು ಸಲ ಹೇಳ್ಬಿಡು!" ಎಂದ ಗ್ಯಾರೆಟ್. ಮೇಲಿನಿಂದ ಅಜ್ಜಿಯ ದನಿ ಬಂತು: "ಯಾರ್ ಹತ್ರ ಮಾತಾಡ್ತಿದೀಯೋ? ಹುಡುಗಿ ಆದ್ರೆ ಮೇಲೆ ಕರ್ಕೊಂಡ್ ಬಾ, ಊಟ ಇದೆ."

ಒಂಟಿ ಮರಿ ಸುಮ್ಮನಿರುವುದಿಲ್ಲ. ಜೊತೆಗಿರಲಿ ಎಂದು ಕನ್ನಡಿ ಇಟ್ಟ, ತನ್ನ ಮುಖ ನೋಡಿ ಇನ್ನೂ ಜೋರಾಗಿ ಅತ್ತಿತು. ತಾಯಿಯ ರೆಕ್ಕೆ ಎಂದುಕೊಳ್ಳಲಿ ಎಂದು ಧೂಳು ಹೊಡೆಯುವ ಪುಕ್ಕದ ಕೋಲು ಇಟ್ಟ. ಅದರಡಿ ತೂರಿ ಪಟ್ಟಿ ಕಿತ್ತುಕೊಂಡಿತು. ಕೊನೆಗೆ ಕಾಫಿ ಮಗ್ಗಿನಲ್ಲಿ ಉಣ್ಣೆಯ ಕಾಲುಚೀಲ ತುರುಕಿ ಮರಿಯನ್ನು ಅದರಲ್ಲಿ ಕೂರಿಸಿದ. ಇಕ್ಕಟ್ಟಿನಲ್ಲಿ ಕಾಲು ಹೊಟ್ಟೆಯಡಿಗೇ ಉಳಿಯಿತು, ಬಾಯಿ ಮಾತ್ರ ಹೊರಗಿತ್ತು. ಹಾಗೆ ಅದು ಅವನ ಜೊತೆ ಕೆಲಸಕ್ಕೂ ಹೊರಟಿತು.

"ಲೋ ತಜ್ಞ, ಕಾಫಿ ಕೂಗ್ತಿದೆ ನಿಂದು" ಎಂದ ಮರ್ಲ್. ಮರಿಯನ್ನು ಕಂಡ ಪ್ರತಿ ಗಿರಾಕಿಯ ಬಳಿಯೂ ಒಂದೊಂದು ಮದ್ದಿತ್ತು. ಕೂದಲಿನ ರಬ್ಬರು ಹಾಕು ಎಂದರು, ಜ್ಯೂಸ್ ಕುಡಿಯುವ ಕೊಳವೆ ಸೀಳಿ ತೊಡಿಸು ಎಂದರು, ಬೇಯಿಸಿದ ಮೊಟ್ಟೆಯ ಹಳದಿ ತಿನಿಸು ಎಂದರು. ಒಬ್ಬಾಕೆ ಮಗ್ಗಿನ ಮೇಲೆ ಕೈಯಿಟ್ಟು ಪ್ರಾರ್ಥನೆಯನ್ನೇ ಮಾಡಿದಳು, ಮರಿ ಆಕೆಯ ಉಂಗುರ ಕುಕ್ಕಿತು. ಎಲ್ಲರೂ ಕೊನೆಗೆ ಕೇಳುತ್ತಿದ್ದುದು ಒಂದೇ: "ಹೆಂಗಾಯ್ತಪ್ಪಾ ಇದು?" ಗ್ಯಾರೆಟ್ ತುಟಿ ಬಿಚ್ಚುವ ಮೊದಲೇ ಮರ್ಲ್ ಕರಪತ್ರವೊಂದನ್ನು ಎತ್ತಿ ತೋರಿಸುತ್ತಿದ್ದ.

ಒಂದು ಸಮಾಧಾನವಿತ್ತು. ಸಂಜೆ ಅವನು ಸೊಟ್ಟಗೆ ಕಟ್ಟಿದ್ದ ಪಟ್ಟಿ ಬೆಳಿಗ್ಗೆ ನೋಡಿದರೆ ನೆಟ್ಟಗೆ, ಅಂಚು ಕತ್ತರಿಸಿದಂತೆ, ಹದವಾದ ಅಂತರದಲ್ಲಿ ಇರುತ್ತಿತ್ತು. ಮೊದಲ ದಿನ ಆಶ್ಚರ್ಯಪಟ್ಟ. ಎರಡನೆಯ ದಿನ, ಕತ್ತಲಲ್ಲಿ ಕಟ್ಟಿದ್ದು ಕಣ್ಣಿಗೆ ಸೊಟ್ಟ ಕಂಡಿರಬೇಕು ಎಂದುಕೊಂಡ. ಮೂರನೆಯ ದಿನಕ್ಕೆ ತನ್ನ ಕೈ ಪಳಗಿದೆ ಎಂದು ತೀರ್ಮಾನಿಸಿ, ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಪಟ್ಟಿ ಕಟ್ಟುವ ಬಗೆಯನ್ನು ಕುರಿತು ಭಾಷಣವನ್ನೂ ಕೊಟ್ಟ.

ಶನಿವಾರ ಪಟ್ಟಿ ಬಿಚ್ಚಿ ಒರಟು ರಬ್ಬರ್ ಹಾಸಿನ ಮೇಲೆ ಬಿಟ್ಟ. ಮರಿ ನಿಂತಿತು. ಅವನು ಉಸಿರು ಬಿಡುವಷ್ಟರಲ್ಲಿ ಬಲಗಾಲು ಮೆಲ್ಲಗೆ ತನ್ನ ಹಳೆಯ ದಾರಿ ಹಿಡಿಯಿತು.

"ಇನ್ನೊಂದಿನ ಜಾಸ್ತಿ ಕೊಡು ಅಜ್ಜಿ" ಎಂದು ಕೇಳಿದ.

"ಹೇಳಿದ್ದು ಹೇಳಿದ್ದೇ."

"ಇದು ನಿನ್ನ ಕೋಳಿ! ಇದೊಂದು ಹೋದ್ರೆ ನಮ್ಮನೆ ಜಾತಿ ಮುಗೀತು. ನಿಂಗೇನೂ ಅನ್ಸಲ್ವಾ?"

ಲವೋನ್ ತಟ್ಟೆ ಒರೆಸುತ್ತ ಹೇಳಿದಳು: "ಅನ್ಸಿದ್ದನ್ನೆಲ್ಲಾ ಆಡಿದ್ರೆ ಈ ಮನೇಲಿ ಒಂದು ತಟ್ಟೆ ಉಳೀತಿರ್ಲಿಲ್ಲ. ಹೋಗು, ಪೆಟ್ಟಿಗೆ ತೊಳ್ದು ಇಡು. ಆರ್ಲಿನ್ ಕೇಳ್ತಾನೆ."

ಭಾನುವಾರ ಬೆಳಿಗ್ಗೆ ಅಜ್ಜಿ ಚರ್ಚಿಗೆ ಸಿದ್ಧವಾಗುತ್ತಿರುವಾಗಲೇ ಆರ್ಲಿನ್ ಹತ್ತಿರ ಮಾತಾಡುವುದು ವಾಸಿ ಎಂದು ಗ್ಯಾರೆಟ್ ಕಾವುಪೆಟ್ಟಿಗೆ ಹೊತ್ತು ಬೇಗನೇ ಟೆಸ್ಕಿಯ ಮನೆಗೆ ಹೋದ. ಆರ್ಲಿನ್ ಜಾಲರಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ತೂತು ನೋಡಿದ.

"ಇಷ್ಟು ಚೊಕ್ಕವಾಗಿ ಯಾರೂ ಕೊಟ್ಟಿಲ್ಲ ಕಣೋ. ಏನ್ ಹಾಸಿದ್ದೆ?"

"ಅದು ಬಿಡಿ. ಗೂಡು ಮುಂದಿನ ವಾರ ತಗೊಳಕ್ಕಾಗಲ್ವಾ?"

"ನನಗೇನು ಆತುರ? ಆದ್ರೆ ನಿಮ್ಮಜ್ಜಿ ಬಾ ಅಂದಿದಾಳೆ. ಬರ್ದೇ ಇದ್ರೆ ನಿಂಗೆ ಗೊತ್ತಲ್ಲ." ಗೊತ್ತಿತ್ತು. ಆರ್ಲಿನ್ ಗಾಡಿಯ ಹಿಂದೆ ಗೂಡು ಸಾಗಿಸಲು ಟ್ರೇಲರ್ ಸಿಕ್ಕಿಸಿದ. ಇಬ್ಬರೂ ಬಲಿಗೆ ಹೊರಟವರ ಮುಖ ಹೊತ್ತು ಬಂದರು.

ಲವೋನ್ ಚರ್ಚಿಗೆ ಹೋಗಿರಲಿಲ್ಲ. ಒಳ್ಳೆಯ ನೀಲಿ ಅಂಗಿ, ಮುತ್ತಿನ ಓಲೆ, ಎಲ್ಲ ತೊಟ್ಟು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಮರಿ. ಪಕ್ಕದಲ್ಲಿ ಕಸೂತಿಯ ಕತ್ತರಿ ಮತ್ತು ಅಂಚು ನೇರವಾಗಿ ಕತ್ತರಿಸಿದ ಬ್ಯಾಂಡೇಜು ಪಟ್ಟಿ.

ಗ್ಯಾರೆಟ್ ಪಟ್ಟಿಯನ್ನು ನೋಡಿದ. ನಾಲ್ಕು ಜನರ ಮುಂದೆ ಕೊಟ್ಟ ಭಾಷಣ ನೆನಪಾಯಿತು.

"ದಿನಾ ಬೆಳಿಗ್ಗೆ ನೀನೇ ಕಟ್ತಿದ್ದಾ?"

"ನೀನು ಕಟ್ಟೋ ಹಾಗೆ ಕಟ್ಟಿದ್ರೆ ಗೋಣಿಚೀಲಾನೂ ಬಿಚ್ಕೊಳ್ತಿತ್ತು. ಸುಮ್ನೆ ನಿಂತ್ಕೋಬೇಡ, ಆ ಹಾಸು ಈಕಡೆ ಎಳಿ."

ಮರಿಯನ್ನು ಇಳಿಸಿದಳು. ಪಟ್ಟಿ ಇರಲಿಲ್ಲ. ಮರಿ ಎರಡು ಕಾಲ ಮೇಲೂ ನಿಂತಿತು, ನಡುಗಿತು, ಬಲಗಾಲು ಅರ್ಧ ಬೆರಳು ಆಚೆ ಸರಿದು ಅಲ್ಲೇ ತಡೆದುಕೊಂಡಿತು. ಆಮೇಲೆ ಶನಿವಾರ ರಾತ್ರಿ ಹೆಂಡದಂಗಡಿಯಿಂದ ಹೊರಟವನಂತೆ ಓರೆಯಾಗಿ ನಡೆದು, ಬಿದ್ದು, ಯಾರೂ ಮುಟ್ಟದೆ ತಾನೇ ಎದ್ದಿತು.

ಬಾಗಿಲಲ್ಲಿ ಆರ್ಲಿನ್ ಟೋಪಿ ತೆಗೆದು ಗಂಟಲು ಸರಿಮಾಡಿಕೊಂಡ. "ಲವೋನ್, ಗೂಡು..."

"ಯಾವ ಗೂಡು?"

"ಈ ಭಾನುವಾರ ಬಾ ಅಂದಿದ್ಯಲ್ಲ."

"ಭಾನುವಾರ ಅಂದೆ, ಈ ಭಾನುವಾರ ಅಂದ್ನಾ? ವರ್ಷಕ್ಕೆ ಎಷ್ಟು ಭಾನುವಾರ ಬರತ್ತೆ ಆರ್ಲಿನ್! ಯಂತ್ರಕ್ಕೆ ತಾಡಪಾಲು ಹೊದಿಸು. ಬಂದಿದೀಯಲ್ಲ, ಗೂಡಿನ ತಂತಿ ಬದಲಾಯಿಸಿ ಹೋಗು, ಈ ಸಲ ದಪ್ಪದ್ದು." ಆರ್ಲಿನ್ ಸಲಕರಣೆ ತರಲು ಹೊರಟ, ಸಲಕರಣೆಗೆ ಕೆಲಸ ಸಿಕ್ಕಿದರೆ ಅವನಿಗೆ ಹುಲ್ಲಿನ ಯಂತ್ರದ ಚಿಂತೆ ಇರುತ್ತಿರಲಿಲ್ಲ.

ಲವೋನ್ ಗ್ಯಾರೆಟ್‌ನ ಭುಜ ಹಿಡಿದು ಎದ್ದಳು. ಕಿಟಕಿಯ ಪರದೆ ಸರಿಸಿ, ಗೂಡಿನ ಕಡೆ ನೋಡಿದಳು. ಆಮೇಲೆ ಅವನ ಕಡೆ ತಿರುಗದೆಯೇ ಹೇಳಿದಳು: "ಒಂಟಿ ಮರಿಗೆ ಹುಚ್ಚು ಹಿಡಿಯತ್ತೆ. ನಾಳೆ ನಿಮ್ಮಂಗಡಿಯಿಂದ ಒಂದು ಮರಿ ತಾ. ಜೊತೆಗೆ."

ಅಂಚೆಯಲ್ಲಿ ಬಂದ ಕೋಳಿ ಈ ಹಿತ್ತಿಲ ಮಣ್ಣು ಮೆಟ್ಟಕೂಡದು ಎಂದು ಅವಳು ಮೊಮ್ಮಗ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದಳು. ಅದನ್ನು ನೆನಪಿಸುವಷ್ಟು ದಡ್ಡನಲ್ಲ ಗ್ಯಾರೆಟ್. ಆದರೆ ಇನ್ನೊಂದು ತೊಡಕಿತ್ತು.

"ಅಜ್ಜಿ, ಒಂದು ಕೊಡಕ್ಕಾಗಲ್ಲ. ಆರಕ್ಕಿಂತ ಕಮ್ಮಿ ಮಾರಲ್ಲ."

"ಮೊಮ್ಮಗನಿಗೂನಾ?"

"ನಿಯಮ ಹೇಳೋನೇ ನಾನು. ಬಿಲ್ಲೆ ಇದೆ."

"ಆ ಬಿಲ್ಲೆಯಿಂದ ತಾನೇ ಇಷ್ಟೆಲ್ಲಾ ಆಗಿದ್ದು" ಎಂದು ಲವೋನ್ ತಲೆ ಚಚ್ಚಿಕೊಂಡಳು. "ಆರಾದ್ರೂ ತಾ, ಅರವತ್ತಾದ್ರೂ ತಾ. ಪೆಟ್ಟಿಗೆಗೆ ಏನ್ ಹಾಸ್ತೀಯ, ಹೇಳು ನೋಡೋಣ?"

"ಒರಟಾಗಿರೋದು."

"ಜೋರಾಗಿ."

"ಒರಟಾಗಿರೋದು, ಅಜ್ಜಿ!"

ಸೋಮವಾರದಿಂದ ಆ ಮನೆಯಲ್ಲಿ ಬಟ್ಟೆ ಒಗೆಯುವುದು ನಿಂತಿದೆ. ಒಗೆಯುವ ಯಂತ್ರದ ಮುಚ್ಚಳದ ಮೇಲೆ ಮರಿಗಳ ಪೆಟ್ಟಿಗೆಯಿದೆ. ಅಂಚೆಯ ಆರು ಮರಿಗಳು ನೆಟ್ಟಗೆ ನಡೆಯುತ್ತವೆ, ಹೇಳಿದ ಕಡೆ ತಿನ್ನುತ್ತವೆ, ದೀಪದಡಿ ಒಟ್ಟಿಗೆ ಮಲಗುತ್ತವೆ. ಏಳನೆಯದು ಓರೆಯಾಗಿ ಬಂದು ಆರನ್ನೂ ದೀಪದಿಂದಾಚೆ ತಳ್ಳಿ ನಡುವೆ ಮಲಗುತ್ತದೆ. ಎರಡು ದಿನ ಹಾಕಿದ ಅಂಗಿಯನ್ನೇ ತೊಟ್ಟು ಕೆಲಸಕ್ಕೆ ಹೊರಡುವ ಗ್ಯಾರೆಟ್, ಅದನ್ನು ಅಲ್ಲಿಂದ ಎತ್ತಲು ಹೋದಾಗಲೆಲ್ಲ ಬೆರಳು ಕಚ್ಚಿಸಿಕೊಳ್ಳುತ್ತಾನೆ.

"ಬಿಡೋ ಅದನ್ನ" ಅನ್ನುತ್ತಾಳೆ ಲವೋನ್. "ಅದು ನಮ್ಮನೆ ಜಾತಿ."